ಬಾದಾಮಿಯ ಎರವಲು ಬೆಳಕು

ಬಾದಾಮಿಗೆ ಬಂದವರು ಮೊದಲು ಹತ್ತುವುದು ಮೇಣಬಸದಿ ಎಂಬ ಗುಹಾಲಯಗಳ ಮೆಟ್ಟಿಲು. ಒಂದನೆಯ ಗುಹೆಯ ಹೊರಬಂಡೆಯಲ್ಲಿ 18 ತೋಳುಗಳ ನಟರಾಜ, ಎರಡನೆಯದರಲ್ಲಿ ವರಾಹ ಮತ್ತು ತ್ರಿವಿಕ್ರಮ, ಮೂರನೆಯದರಲ್ಲಿ ಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು, ನಾಲ್ಕನೆಯದರಲ್ಲಿ ಬಾಹುಬಲಿ ಮತ್ತು ಪಾರ್ಶ್ವನಾಥ. ಎಲ್ಲವನ್ನೂ ನೋಡಿ, ಎಲ್ಲದರ ಮುಂದೆಯೂ ಫೋಟೊ ತೆಗೆಸಿಕೊಂಡು, ಬಿಸಿಲು ಚುರುಗುಟ್ಟುವ ಮುಂಚೆ ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಅಷ್ಟು ಹೊತ್ತೂ ಅವರ ಬೆನ್ನ ಹಿಂದೆ ಇನ್ನೊಂದು ಕೃತಿ ಇರುತ್ತದೆ. ಗುಹೆಗೆ ಬೆನ್ನು ಕೊಟ್ಟು ನಿಂತರೆ ಕೆಳಗೆ ಅಗಸ್ತ್ಯತೀರ್ಥದ ಹಸಿರು ನೀರು, ಎದುರಿಗೆ ಉತ್ತರದ ಗುಡ್ಡದ ಕೆಂಪು ಬಂಡೆ, ಅದರ ನೆತ್ತಿಯಲ್ಲಿ ಶಿವಾಲಯ, ಬಲಗಡೆ ನೀರಿನ ಅಂಚಿಗೆ ಭೂತನಾಥನ ಗುಡಿ, ಎಡಗಡೆ ಒತ್ತೊತ್ತಾಗಿ ಕೂತ ಮಾಳಿಗೆ ಮನೆಗಳ ಊರು. ಬಾದಾಮಿಯ ಅತಿ ದೊಡ್ಡ ಶಿಲ್ಪ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಇಡೀ ನೋಟವನ್ನೇ ತೋರಿಸುತ್ತೇನೆ. ಗುಹೆಯೊಳಗಿನ ಮೂರ್ತಿಗಳು ನಮಗೆ ಕಾಣುವುದು ಕೂಡ ಈ ಹೊರಗಿನ ನೀರು, ಬಂಡೆ, ಬಿಸಿಲುಗಳ ದಯೆಯಿಂದಲೇ.

ನೋಟದ ಮೊದಲ ಕೆಲಸ ಚಾಲುಕ್ಯರಿಗಿಂತ ಎಷ್ಟೋ ಮುಂಚೆ ನಡೆದಿದೆ. ಈ ಗುಡ್ಡಗಳೆಲ್ಲ ಮರಳುಗಲ್ಲು. ಒಂದಾನೊಂದು ಕಾಲಕ್ಕೆ ನೀರು ಹೊತ್ತು ತಂದು ಹರವಿದ ಮರಳು ಪದರದ ಮೇಲೆ ಪದರ ಕೂತು, ಅದುಮಿಕೊಂಡು ಕಲ್ಲಾಗಿದೆ. ಭೂವಿಜ್ಞಾನಿಗಳು ಇದನ್ನು ಕಲಾದಗಿ ಶಿಲಾಸ್ತರಗಳ ಮೇಲಿನ ಭಾಗವೆಂದು ಗುರುತಿಸಿ ಬಾದಾಮಿಯ ಹೆಸರನ್ನೇ ಇಟ್ಟಿದ್ದಾರೆ. ಭೂಮಿಯ ಮೇಲೆ ಪ್ರಾಣಿಗಳಿಗೆ ಕಣ್ಣು ಮೂಡಿದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಈ ಮರಳು ಅದಕ್ಕಿಂತಲೂ ಹಳೆಯದು. ನೋಡುವವರೇ ಇಲ್ಲದ ಕಾಲದಲ್ಲಿ ಹರಿದ ನೀರಿನ ಗುರುತು ಬಂಡೆಯಲ್ಲಿ ಇಂದಿಗೂ ಉಳಿದಿದೆ. ಬಂಡೆಗೆ ಹತ್ತಿರ ಹೋದರೆ ಓರೆಯಾಗಿ ಒರಗಿದ ಸಣ್ಣ ಸಣ್ಣ ಪದರಗಳು ಕಾಣುತ್ತವೆ. ಅಂದಿನ ಪ್ರವಾಹ ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದನ್ನು ಬಲ್ಲವರು ಆ ಓರೆಯಿಂದಲೇ ಹೇಳುತ್ತಾರೆ. ಮರಳಿನ ಕಣಗಳ ನಡುವೆ ಸೇರಿಕೊಂಡ ಕಬ್ಬಿಣದ ಅಂಶ ತುಕ್ಕಾಗಿ ಕಲ್ಲಿಗೆ ಕೆಂಪು ಬಂದಿದೆ. ಎಲ್ಲಿ ಆ ಅಂಶ ಕಡಿಮೆಯೋ ಅಲ್ಲಿ ಹಳದಿ, ನಸುಬಿಳಿ. ಗುಹೆಯ ಮೂರ್ತಿಗಳ ಎದೆ, ತೊಡೆ, ಕೆನ್ನೆಗಳ ಮೇಲೆ ಹಾದುಹೋಗುವ ಬಣ್ಣದ ಪಟ್ಟೆಗಳು ಇವೇ. ಶಿಲ್ಪಿ ಕಡೆದದ್ದು ಆಕಾರವನ್ನು, ಬಣ್ಣದ ಗೆರೆ ಎಳೆದದ್ದು ನೀರು.

ಎರಡನೆಯ ಕೆಲಸ ಮನುಷ್ಯರದು. ಮೂರು ಕಡೆ ಬಂಡೆ, ಪಶ್ಚಿಮಕ್ಕೆ ಮಾತ್ರ ಬಾಯಿ ತೆರೆದ ಕುದುರೆಲಾಳದಂಥ ಕಣಿವೆ ಇದು. ಆ ಬಾಯಿಗೆ ಏರಿ ಕಟ್ಟಿದರೆ ಒಳಗೆ ಹೊಂಡ ತಾನಾಗಿಯೇ ನಿಲ್ಲುತ್ತದೆ. ಬಾಗಲಕೋಟೆ ಸೀಮೆಯಲ್ಲಿ ಮಳೆ ಕಡಿಮೆ. ಆದರೆ ಈ ಗುಡ್ಡಗಳ ಮೇಲೆ ಬಹುಪಾಲು ಬೋಳು ಬಂಡೆ, ಮಳೆಯನ್ನು ಕುಡಿಯುವ ಮಣ್ಣು ಅಲ್ಲಿ ತೀರಾ ತೆಳು. ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ನೀರು ಸೀಳುಗಳ ಗುಂಟ ಇಳಿದು ಕೆಳಗೆ ಬಂದು ಸೇರುತ್ತದೆ. ಒಣ ನಾಡಿನಲ್ಲಿ ಒಂದು ರಾಜಧಾನಿ ನಿಲ್ಲುವುದಕ್ಕೆ ಈ ಲೆಕ್ಕಾಚಾರ ಬೇಕಿತ್ತು. ಉತ್ತರದ ಗುಡ್ಡದ ಬಂಡೆಯಲ್ಲಿ ಶಕ 465ರ, ಅಂದರೆ ಕ್ರಿ.ಶ. 543ರ ಶಾಸನವಿದೆ. ಚಾಲುಕ್ಯ ದೊರೆ ಒಂದನೆಯ ಪುಲಕೇಶಿ ವಾತಾಪಿಯ, ಅಂದರೆ ಈ ಬಾದಾಮಿಯ, ಗುಡ್ಡವನ್ನು ಕೋಟೆಯಾಗಿ ಮಾಡಿಕೊಂಡ ಸಂಗತಿಯನ್ನು ಅದು ಹೇಳುತ್ತದೆ. ಕೋಟೆಗೆ ಬೇಕಾದ ಗೋಡೆಯನ್ನು ಗುಡ್ಡಗಳು ಮೊದಲೇ ಎಬ್ಬಿಸಿ ನಿಲ್ಲಿಸಿದ್ದವು. ಒಳಗಿರುವ ಜನಕ್ಕೂ ಕುದುರೆ, ದನಗಳಿಗೂ ನೀರು ಸಿಗುತ್ತದೆಂಬ ಭರವಸೆ ಇಲ್ಲದಿದ್ದರೆ ಆ ಗೋಡೆಯಿಂದ ಏನೂ ಪ್ರಯೋಜನವಿರಲಿಲ್ಲ. ಇಲ್ವಲ, ವಾತಾಪಿ, ಅಗಸ್ತ್ಯರ ಕತೆ ನಮಗೆಲ್ಲ ಗೊತ್ತು. ಊರಿಗೆ ರಾಕ್ಷಸನ ಹೆಸರು ನಿಂತಿತು, ನೀರಿಗೆ ಮುನಿಯ ಹೆಸರು.

ಇನ್ನು ಬೆಳಕು.

ಮೇಣಬಸದಿಗಳು ಇರುವುದು ದಕ್ಷಿಣದ ಗುಡ್ಡದಲ್ಲಿ. ಆದ್ದರಿಂದ ಅವುಗಳ ಮುಖ ಹೆಚ್ಚುಕಡಿಮೆ ಉತ್ತರಕ್ಕೆ. ಇದರ ಪರಿಣಾಮವನ್ನು ನಾವು ಗಮನಿಸುವುದೇ ಇಲ್ಲ. ಬಾದಾಮಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ಆಗಲೂ ಅವನು ಎಷ್ಟು ಎತ್ತರದಲ್ಲಿ ಇರುತ್ತಾನೆಂದರೆ ಕಿರಣ ಗುಹೆಯ ಹೊಸ್ತಿಲು ದಾಟುವುದಿಲ್ಲ. ಬೇಸಿಗೆ, ಮಳೆಗಾಲಗಳ ಬೆಳಿಗ್ಗೆ ಮತ್ತು ಸಂಜೆ ಓರೆಬಿಸಿಲು ಅಷ್ಟಿಷ್ಟು ಒಳಗೆ ಹಾಯಬಹುದು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಸೂರ್ಯ ಹುಟ್ಟುವುದು, ಏರುವುದು, ಮುಳುಗುವುದು ಎಲ್ಲವೂ ದಕ್ಷಿಣದ ಪಾಲಿನಲ್ಲಿ, ಅಂದರೆ ಗುಹೆಗಳಿರುವ ಗುಡ್ಡದ ಬೆನ್ನಿನ ಕಡೆ. ಪ್ರವಾಸಿಗರು ಕಿಕ್ಕಿರಿಯುವ ಆ ತಿಂಗಳುಗಳಲ್ಲಿ ಮೇಣಬಸದಿಯ ಒಳಗೆ ಸೂರ್ಯ ಕಾಲಿಡುವುದಿಲ್ಲ.

ಹಾಗಿದ್ದರೂ ಮೂರ್ತಿಗಳು ಕಾಣುತ್ತವೆ. ಬರಿಯ ಕಾಣುವುದಲ್ಲ, ಉಸಿರಾಡುವಂತೆ ಕಾಣುತ್ತವೆ. ಅಲ್ಲಿರುವುದೆಲ್ಲ ಎರವಲು ತಂದ ಬೆಳಕು. ಗುಹೆಯ ಎದುರಿನ ಅಂಗಳದ ಕಲ್ಲಿನಿಂದ ಚಿಮ್ಮಿದ್ದು ಒಂದಿಷ್ಟು, ತೆರೆದ ಆಕಾಶದಿಂದ ಇಳಿದದ್ದು ಒಂದಿಷ್ಟು. ಚಳಿಗಾಲದ ಇಡೀ ಹಗಲು ಬಿಸಿಲಿಗೆ ಮುಖವೊಡ್ಡಿ ನಿಲ್ಲುವ ಉತ್ತರದ ಗುಡ್ಡ, ಹೊಂಡದ ಈಚೆಗೆ ಕಳಿಸಿಕೊಡುವುದು ಇನ್ನೊಂದಿಷ್ಟು. ಕೆಂಪು ಕಲ್ಲಿಗೆ ತಾಗಿ ಬಂದ ಬೆಳಕಿಗೆ ಕೆಂಪಿನ ಬಿಸುಪು ಅಂಟಿಕೊಂಡಿರುತ್ತದೆ, ಆಕಾಶದಿಂದ ನೇರ ಬಂದದ್ದರಲ್ಲಿ ನೀಲಿಯ ತಂಪು. ಎರಡೂ ಪಡಸಾಲೆಯಲ್ಲಿ ಕೂಡುತ್ತವೆ. ಕಂಬಗಳ ಸಾಲಿನ ಒಂದೇ ಕಡೆಯಿಂದ ಬೆಳಕು ಬರುವುದರಿಂದ ಪಡಸಾಲೆಯ ತುದಿಗೋಡೆಗಳ ಮೂರ್ತಿಗಳಿಗೆ ಒಂದು ಪಾರ್ಶ್ವ ಮಾತ್ರ ಬೆಳಗುತ್ತದೆ. ಮೂರನೆಯ ಗುಹೆಯಲ್ಲಿ ಶೇಷಾಸೀನ ವಿಷ್ಣುವಿನ ಎದುರು ಸ್ವಲ್ಪ ಹೊತ್ತು ನಿಂತು ನೋಡಬೇಕು. ಒಂದು ಭುಜ ಬೆಳಕಿನಲ್ಲಿ, ಇನ್ನೊಂದು ಮೆಲ್ಲಗೆ ಕತ್ತಲಿಗೆ ಜಾರುತ್ತಿದೆ. ಕಿರೀಟದ ಕುಸುರಿಯ ಒಂದೊಂದು ಗೆರೆಗೂ ತನ್ನದೇ ನೆರಳು. ಅಂಥ ಗೋಡೆಗೆ ಮೊಬೈಲಿನ ಫ್ಲ್ಯಾಶ್ ಹೊಡೆದರೆ ಅಷ್ಟೂ ನೆರಳು ಸತ್ತು ಮೂರ್ತಿ ಚಪ್ಪಟೆಯಾಗುತ್ತದೆ. ಮೇಲಿನ ಚಾಚುಸೂರಿನ ಬಾಗಿದ ಒಳಮೈಯಲ್ಲಿ ಹಳೆಯ ವರ್ಣಚಿತ್ರಗಳ ತುಣುಕುಗಳೂ ಉಳಿದಿವೆ. ನೇರ ಬಿಸಿಲು ಬೀಳುವ ಕಡೆ ಇದ್ದಿದ್ದರೆ ಅಷ್ಟೂ ಉಳಿಯುತ್ತಿತ್ತೇ ಎನ್ನುವುದು ನನ್ನ ಅನುಮಾನ.

ಈ ಗುಹೆಯಲ್ಲಿಯೇ ಚಾಲುಕ್ಯ ಮಂಗಳೇಶನ ಶಾಸನವಿದೆ. ಶಕ 500, ಕ್ರಿ.ಶ. 578. ಅಣ್ಣ ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷದಲ್ಲಿ, ಕಾರ್ತಿಕ ಹುಣ್ಣಿಮೆಯ ದಿನ ವಿಷ್ಣುವಿನ ಪ್ರತಿಷ್ಠೆಯಾದದ್ದನ್ನು ಅದು ದಾಖಲಿಸುತ್ತದೆ. ತಿಥಿಯನ್ನು ಪುಣ್ಯಕಾಲವೆಂದೇ ಆರಿಸಿರಬೇಕು. ಆದರೆ ಆ ದಿನ ಇಲ್ಲಿ ನಿಂತಿದ್ದವರಿಗೆ ಏನು ಕಂಡಿರಬಹುದು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಾಗಿ ಇರುತ್ತಾನೆ. ಸೂರ್ಯ ದಕ್ಷಿಣಕ್ಕೆ ಸರಿದ ತಿಂಗಳುಗಳಲ್ಲಿ ಹುಣ್ಣಿಮೆಯ ಚಂದ್ರ ಉತ್ತರದ ಪಾಲಿನಲ್ಲಿ ಸಾಗುತ್ತಾನೆ, ಬೇಸಿಗೆಯ ಸೂರ್ಯ ನಡೆದ ಹಾದಿಯಲ್ಲಿ. ಕಾರ್ತಿಕದ ಸಂಜೆ ಸೂರ್ಯ ಊರಿನ ಆಚೆ ಮುಳುಗುವ ಹೊತ್ತಿಗೇ ಪೂರ್ವಕ್ಕಿಂತ ತುಸು ಉತ್ತರದಲ್ಲಿ ಚಂದ್ರ ಹುಟ್ಟುತ್ತಾನೆ. ಭೂತನಾಥನ ಹಿಂದಿನ ಬಂಡೆಗಳನ್ನು ದಾಟಿ ಮೇಲೆ ಬಂದಮೇಲೆ ಅವನ ಬೆಳಕು ಓರೆಯಾಗಿ ಉತ್ತರಮುಖದ ಗುಹೆಗಳ ಮೇಲೆ ಬೀಳಬೇಕು. ಚಳಿಗಾಲದಲ್ಲಿ ಸೂರ್ಯ ಕೊಡದ ನೇರ ಬೆಳಕನ್ನು ಮೇಣಬಸದಿಗೆ ಹುಣ್ಣಿಮೆ ಕೊಡುತ್ತದೆ. ಕಟ್ಟಿದವರು ಇದನ್ನು ಎಣಿಸಿ ಮಾಡಿದರೆಂದು ನಾನು ವಾದಿಸುವುದಿಲ್ಲ. ವರ್ಷಗಟ್ಟಲೆ ಈ ಬಂಡೆಯ ಮೇಲೆ ಉಳಿ ಹಿಡಿದು ದುಡಿದವರು ಅದನ್ನು ಕಾಣದೆ ಇದ್ದಿರಲಾರರು, ಅಷ್ಟು ಹೇಳಬಲ್ಲೆ.

ಗುಹೆ ಇಳಿದು ಹೊಂಡದ ದಂಡೆ ಹಿಡಿದು ಪೂರ್ವಕ್ಕೆ ನಡೆದರೆ ನೀರಿನ ಗುಣ ಬದಲಾಗುತ್ತ ಹೋಗುವುದನ್ನು ಕಾಣಬಹುದು. ಎತ್ತರದಿಂದ ಕೆಳಗೆ ನೋಡಿದಾಗ ನೀರು ಹಸಿರು. ನೆಟ್ಟಗೆ ಕೆಳಮುಖವಾಗಿ ನೋಡುವ ಕಣ್ಣಿಗೆ ನೀರಿನ ಮೈ ನೂರರಲ್ಲಿ ಸುಮಾರು ಎರಡು ಪಾಲು ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಉಳಿದದ್ದು ಒಳಗೆ ಇಳಿದು ಪಾಚಿ, ಕೆಸರುಗಳ ಬಣ್ಣ ಹೊತ್ತು ಬರುತ್ತದೆ. ಅದೇ ನೀರನ್ನು ಕೆಳಗಿನ ಮೆಟ್ಟಿಲಲ್ಲಿ ಕೂತು ದೂರಕ್ಕೆ ನೋಡಿದರೆ ನೋಟ ನೀರಿನ ಮೈ ಸವರಿಕೊಂಡು ಹೋಗುತ್ತದೆ. ಆಗ ಹಿಂದಿರುಗುವ ಪಾಲು ಎಷ್ಟೋ ಪಟ್ಟು ಹೆಚ್ಚು. ಹಸಿರು ಮಾಯವಾಗಿ ಆಚೆ ದಡದ ಕೆಂಪು ಬಂಡೆ ತಲೆಕೆಳಗಾಗಿ ಎದುರಿಗೆ ನಿಲ್ಲುತ್ತದೆ. ಆ ಪ್ರತಿಬಿಂಬ ಮೇಲಿನದರ ಯಥಾಪ್ರತಿ ಎಂದುಕೊಂಡರೆ ತಪ್ಪು. ನೀರು ನಮಗೆ ಗುಡಿಯನ್ನು ತನ್ನ ಮಟ್ಟಕ್ಕಿಂತ ಕೆಳಗಿನಿಂದ ತೋರಿಸುತ್ತದೆ. ಹಾಗಾಗಿ ನಿಂತು ನೋಡಿದಾಗ ಕಾಣದ ಸೂರಿನ ಅಡಿ, ತೊಲೆಯ ಕೆಳಮೈ ಬಿಂಬದಲ್ಲಿ ಕಾಣುತ್ತವೆ. ಬಿಂಬದ ಬಣ್ಣವೂ ಮೂಲಕ್ಕಿಂತ ಒಂದು ಛಾಯೆ ಗಾಢ. ಗಾಳಿ ಬಂದರೆ ಅಡ್ಡ ಗೆರೆಗಳೆಲ್ಲ ಮೊದಲು ಕರಗುತ್ತವೆ, ಕಂಬಗಳು ಉದ್ದುದ್ದ ಎಳೆದುಕೊಂಡು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ.

ಭೂತನಾಥ ಗುಡಿಯ ಜಾಗವನ್ನು ಆರಿಸಿದವರಿಗೆ ಇದೆಲ್ಲ ಗೊತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ. ಗುಡಿ ಹೊಂಡದ ಪೂರ್ವದ ತುದಿಯಲ್ಲಿದೆ, ಮುಖ ಪಶ್ಚಿಮಕ್ಕೆ. ಗರ್ಭಗುಡಿ ಮತ್ತು ಒಳಮಂಟಪ ಬಾದಾಮಿ ಚಾಲುಕ್ಯರ ಕಾಲದವು. ನೀರಿನ ಕಡೆಗೆ ಚಾಚಿಕೊಂಡಿರುವ ತೆರೆದ ಮಂಟಪ ಶತಮಾನಗಳ ಮೇಲೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸೇರಿದ್ದು. ಹಿಂದಿನವರು ನೀರಿನ ಪಕ್ಕ ನಿಲ್ಲಿಸಿದ್ದನ್ನು ಮುಂದಿನವರು ನೀರಿನೊಳಕ್ಕೇ ತಂದರು. ಒಂದು ಗುಡಿಗೆ ಮುನ್ನೂರು ವರ್ಷಗಳ ಆಮೇಲೆ ಏನನ್ನಾದರೂ ಕೂಡಿಸುವಾಗ ಅದರ ಮನಸ್ಸನ್ನು ಹೀಗೆ ಅರಿತು ಕೂಡಿಸುವುದು ಅಪರೂಪ, ಇವತ್ತಿಗಂತೂ ಬಲು ಅಪರೂಪ. ಮೂರು ಕಡೆ ಗುಡ್ಡವಿರುವ ಈ ಕಣಿವೆಯಲ್ಲಿ ಕೊನೆಯ ಬಿಸಿಲು ಬರುವ ದಾರಿ ಒಂದೇ, ಊರಿನ ಮಾಳಿಗೆಗಳ ಮೇಲಿನಿಂದ. ಸೂರ್ಯ ಇಳಿದಂತೆ ಅವನ ಬೆಳಕು ಗಾಳಿಯಲ್ಲಿ ಹೆಚ್ಚು ದೂರ ಹಾದು ಬರಬೇಕಾಗುತ್ತದೆ. ದಾರಿಯಲ್ಲಿ ನೀಲಿ ಚೆದುರಿ ಹೋಗಿ ಕೆಂಪು, ಕೇಸರಿ ಉಳಿಯುತ್ತವೆ. ಬಾದಾಮಿಯ ಕಲ್ಲು ಹಿಂದಿರುಗಿಸುವುದೂ ಅವನ್ನೇ. ಹೊತ್ತು ಮುಳುಗುವ ಮುಂಚಿನ ಅರ್ಧ ಗಂಟೆ ಗುಡಿಗೂ ಹಿಂದಿನ ಬಂಡೆಗೂ ಬರುವ ಬಣ್ಣಕ್ಕೆ ಇದು ಕಾರಣ. ಕಾರಣ ತಿಳಿದಮೇಲೆ ನನಗಂತೂ ಬೆರಗು ಹೆಚ್ಚಾಯಿತು.

ಹೊಂಡ ತುಂಬಿದ ದಿನಗಳಲ್ಲಿ ಆ ತೆರೆದ ಮಂಟಪದ ಒಳಗೆ ಕೂತು ತಲೆ ಎತ್ತಬೇಕು. ಕೆಳಮಟ್ಟದಲ್ಲಿರುವ ಸೂರ್ಯನ ಕಿರಣ ನೀರಿಗೆ ತಾಗಿ ಮೇಲಕ್ಕೆ ಪುಟಿದು ಚಾವಣಿಯ ಕಲ್ಲಿನ ಮೇಲೆ ಆಡುತ್ತದೆ. ನೀರಿನ ಮೇಲಿನ ಪ್ರತಿ ಸಣ್ಣ ಅಲೆಯೂ ಬೆಳಕನ್ನು ಒಂದೆಡೆ ಒಟ್ಟುಮಾಡಿ, ಮರುಗಳಿಗೆ ಬಿಟ್ಟುಕೊಡುತ್ತದೆ. ತೊಲೆಗಳ ಮೇಲೆ ಚಿನ್ನದ ಗೆರೆಗಳು ಹೆಣೆದು ಬಿಚ್ಚಿ ಮತ್ತೆ ಹೆಣೆಯುತ್ತವೆ. ಕಂಬದ ಉರುಟು ಮೈಗೆ ಅದು ಬಂದಾಗ ಕಂಬವೇ ಮೆಲ್ಲಗೆ ತಿರುಗಿದಂತಾಗುತ್ತದೆ. ಕಲ್ಲಾಗಿ ನಿಂತ ಹಳೆಯ ನೀರಿನ ಮೇಲೆ ಇವತ್ತಿನ ನೀರು ಹೀಗೆ ಬಂದು ಆಡುವುದು ಯಾವ ಫೋಟೊದಲ್ಲೂ ಸಿಗುವುದಿಲ್ಲ. ಗುಡಿಯ ಹಿಂದಿನ ಗುಂಡುಗಳಲ್ಲಿ ಅನಂತಶಯನನ ಉಬ್ಬುಶಿಲ್ಪವಿದೆ, ಹಾಲ್ಗಡಲಿನ ದೇವರು. ಸಂಜೆಯ ಹೊತ್ತು ಅಲ್ಲಿಗೂ ಹೋಗಿ ಬನ್ನಿ.

ಇದೇ ದಂಡೆಯ ಇನ್ನೊಂದು ಬದಿಗೆ ಮಲ್ಲಿಕಾರ್ಜುನ ಗುಡಿಗಳ ಗುಂಪು ಇದೆ. ಅವುಗಳ ಶಿಖರ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಯುವ ಅಡ್ಡಪಟ್ಟಿಗಳದು. ಮೂರ್ತಿಶಿಲ್ಪ ಕಡಿಮೆ, ಆದರೆ ಬಿಸಿಲಿನಲ್ಲಿ ಪ್ರತಿ ಪಟ್ಟಿಯೂ ಕೆಳಗಿನದರ ಮೇಲೆ ಒಂದು ನೆರಳಿನ ಗೆರೆ ಎಳೆಯುತ್ತದೆ. ಹಿಂದಿನ ಬಂಡೆಯ ಪದರಗಳಲ್ಲೂ ಅದೇ ಗೆರೆ. ಪಶ್ಚಿಮಕ್ಕೆ ಬೇರೆ ಗುಂಡಿನ ಮೇಲೆ ಒಂಟಿಯಾಗಿ ನಿಂತ ಮಾಲೆಗಿತ್ತಿ ಶಿವಾಲಯದ ಬಗೆ ಬೇರೆ. 7ನೆಯ ಶತಮಾನದ ಗಟ್ಟಿಮುಟ್ಟಾದ ಪುಟ್ಟ ಕಟ್ಟಡ, ಸುತ್ತ ಯಾವ ಗೋಡೆಯ ನೆರಳೂ ಬೀಳದ ಎತ್ತರ. ಹಗಲಿನ ಬಿಸಿಲೆಲ್ಲ ಅದರ ಪಾಲಿಗೆ. ಉತ್ತರದ ಗುಡ್ಡ ಹತ್ತುವ ದಾರಿಯಲ್ಲಿ ಬಂಡೆಯ ಸೀಳುಗಳ ನಡುವೆ ತಣ್ಣನೆಯ ಅರೆಗತ್ತಲಲ್ಲಿ ಹಾದು, ತಿರುವು ತಿರುಗಿ, ಥಟ್ಟನೆ ಮೇಲಿನ ಬಯಲಿಗೆ ಬರುತ್ತೇವೆ. ಅಲ್ಲಿಂದ ಕಾಣುವ ಬಾದಾಮಿ ಗುಹೆಯಿಂದ ಕಂಡದ್ದರ ತಿರುವುಮುರುವು. ಈಗ ಮೇಣಬಸದಿಗಳು ಎದುರಿನ ಬಂಡೆಯಲ್ಲಿ ನಾಲ್ಕು ಕಪ್ಪು ಕಿಂಡಿಗಳು. ಅವುಗಳಿಗೆ ಬೆಳಕು ಕಳಿಸುವ ಗುಡ್ಡದ ಮೇಲೆ ನಾವು ನಿಂತಿದ್ದೇವೆ.

ಮಳೆಗಾಲದ ನೋಟದ ಬಗ್ಗೆ ಬರೆಯದಿದ್ದರೆ ಊರಿನವರು ಒಪ್ಪಲಾರರು. ಜೋರು ಮಳೆಯಾದಾಗ ಗುಡ್ಡದ ಮೇಲಿನಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಹೊರಗಿನ ಪ್ರವಾಸಿಗರಿಗೆ ಇದು ಅದೃಷ್ಟವಿದ್ದರೆ ಉಂಟು, ಸ್ಥಳೀಯರಿಗೆ ಹಬ್ಬ. ‘ಹೊಂಡ ತುಂಬೈತಿ’ ಎನ್ನುವುದು ಆಗಿನ ದೊಡ್ಡ ಸುದ್ದಿ. ನೆನೆದ ಮರಳುಗಲ್ಲು ಒಣಗಿದ್ದಾಗಿನ ಕಲ್ಲಲ್ಲ. ಕಣಗಳ ನಡುವಿನ ಸಂದುಗಳನ್ನು ನೀರು ತುಂಬಿಕೊಂಡಾಗ ಬೆಳಕು ಮೇಲಿನಿಂದಲೇ ಚೆದುರಿಹೋಗದೆ ಒಳಗಿಳಿಯುತ್ತದೆ, ಕೆಂಪು ಗಾಢವಾಗುತ್ತದೆ. ಮೋಡದ ಬೆಳಕಿಗೆ ನೆರಳಿಲ್ಲ. ಬಿಸಿಲಿನಲ್ಲಿ ಕಣ್ಣು ಕುಕ್ಕುವ ಬಂಡೆಗಳ ಪದರ ಪದರವೂ ಆಗ ಸ್ಪಷ್ಟ. ಬಾದಾಮಿ ನೋಡಲು ಡಿಸೆಂಬರ್ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಒಂದೆರಡು ಒಳ್ಳೆಯ ಮಳೆ ಆದಮೇಲಿನ ಸೆಪ್ಟೆಂಬರ್ ಎನ್ನುತ್ತೇನೆ.

642ರಲ್ಲಿ ಪಲ್ಲವ ನರಸಿಂಹವರ್ಮ ಈ ಊರನ್ನು ಗೆದ್ದ. ಅವನ ಶಾಸನವೂ ಇಲ್ಲಿನ ಬಂಡೆಯ ಮೇಲಿದೆ. ಆಮೇಲೆ ಮತ್ತೆ ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದವರು, ಬಿಜಾಪುರದವರು, ಮರಾಠರು, ಟಿಪ್ಪು. ಎಲ್ಲರೂ ಏನನ್ನಾದರೂ ಕಟ್ಟಿದರು, ಕೆಡವಿದರು. ಕಪ್ಪೆ ಅರಭಟ್ಟನ ತ್ರಿಪದಿಯ ಶಾಸನವನ್ನು ಕೆತ್ತಿದವರು ಆರಿಸಿಕೊಂಡದ್ದು ಕೂಡ ಹೊಂಡದ ಮೇಲಿನ ಬಂಡೆಯನ್ನೇ. 1855ರಲ್ಲಿ ಬಿಗ್ಸ್ ಎಂಬ ಅಧಿಕಾರಿ ಮುಂಬೈ ಸರಕಾರಕ್ಕಾಗಿ ಇಲ್ಲಿ ತೆಗೆದ ಫೋಟೊಗಳಿವೆ. ಅವುಗಳಲ್ಲಿ ಕೆಂಪು ಇಲ್ಲ, ಹಸಿರಿಲ್ಲ. ಆದರೂ ನೋಡಿದ ಕೂಡಲೇ ಇದು ಬಾದಾಮಿ ಎಂದು ಗೊತ್ತಾಗುತ್ತದೆ.

ಈಗ ಆತಂಕದ ಮಾತು. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳನ್ನು ಒಟ್ಟಿಗೆ ಸೇರಿಸಿದ ಪ್ರಸ್ತಾವ 2015ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಹೋಗಿದೆ. ಕಾನೂನು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವನ್ನು ನಿಷೇಧಿಸುತ್ತದೆ, ಅದರಾಚೆಯ 200 ಮೀಟರಿನಲ್ಲಿ ನಿಯಂತ್ರಿಸುತ್ತದೆ. ಬೇಕಾದ ಕಾನೂನೇ. ಆದರೆ ಅದು ಅಳತೆ ಶುರುಮಾಡುವುದು ಸ್ಮಾರಕದ ಸಂರಕ್ಷಿತ ಗಡಿಯಿಂದ. ಬಾದಾಮಿಯ ನೋಟ ಒಂದು ಗಡಿಯೊಳಗೆ ಇಲ್ಲ. ಹೊಂಡಕ್ಕೆ ಚರಂಡಿ ನೀರು, ಪ್ಲಾಸ್ಟಿಕ್ಕು ಸೇರಿದರೆ ಯಾವ ಮೂರ್ತಿಯ ಮೂಗೂ ಮುರಿಯುವುದಿಲ್ಲ. ಆದರೆ ಪಾಚಿಕಟ್ಟಿ ಮಂಕಾದ ನೀರು ಬಿಂಬವನ್ನೂ ಕೊಡದು, ಮಂಟಪದ ಚಾವಣಿಗೆ ಬೆಳಕನ್ನೂ ಕಳಿಸದು. ಹೂಳು ತುಂಬಿದ ಹೊಂಡ ಬೇಸಿಗೆಗೆ ಬೇಗ ಬತ್ತುತ್ತದೆ, ಭೂತನಾಥ ಆಗ ಬರಿದೇ ಕೆಸರಿನ ದಂಡೆಯ ಮೇಲಿನ ಗುಡಿ.

ಸ್ಮಾರಕಗಳ ಪಕ್ಕದ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ಬಹಳ ವರ್ಷಗಳಿಂದ ನಡೆಯುತ್ತಿದೆ. ಗುಡಿಯ ಗೋಡೆಗೇ ಆತುಕೊಂಡವುಗಳ ಬಗ್ಗೆ ಆ ಮಾತಿಗೆ ಅರ್ಥವಿದೆ. ಇಡೀ ಹಳೆಯ ಊರನ್ನು ಎತ್ತಿಹಾಕುವುದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು, ಮಾಳಿಗೆಯ ಮೇಲೆ ಒಣಗುವ ಕೆಂಪು ಮೆಣಸಿನಕಾಯಿ, ಸಂಜೆ ದಂಡೆಗೆ ಬಂದು ಕೂರುವ ಮುದುಕರು ಇದ್ದುದರಿಂದಲೇ ಇದು ಹೊಂಡವಾಗಿ ಉಳಿದಿದೆ. ಜನ ಹೋದರೆ ಉಳಿಯುವುದು ಬೇಲಿ ಹಾಕಿದ ಕೊಳ. ಮಣ್ಣಿನ ಮಾಳಿಗೆಗಳ ಬಣ್ಣ ಗುಡ್ಡದ ಬಣ್ಣವೇ ಆಗಿತ್ತು, ಎತ್ತರ ಏರಿಗಿಂತ ಅಷ್ಟೇನೂ ಹೆಚ್ಚಿರಲಿಲ್ಲ. ತೊಂದರೆ ಶುರುವಾಗುವುದು ಆ ಸಾಲಿನ ನಡುವೆ ಮೂರು ನಾಲ್ಕು ಅಂತಸ್ತಿನ ಕಾಂಕ್ರೀಟು, ಅದರ ಮೇಲೆ ಮೊಬೈಲ್ ಗೋಪುರ, ನೀಲಿ ತಗಡು ಎದ್ದಾಗ. ಪಶ್ಚಿಮ ಎಂದರೆ ಕಣಿವೆಗೆ ಸಂಜೆಯ ಬಿಸಿಲು ಬರುವ ಒಂದೇ ಬಾಗಿಲು. ಅಲ್ಲಿ ಏಳುವ ಪ್ರತಿ ಅಂತಸ್ತೂ ಭೂತನಾಥನ ಸಂಜೆಯಿಂದ ಒಂದಷ್ಟು ನಿಮಿಷ ಕಸಿದುಕೊಳ್ಳುತ್ತದೆ. ಎಷ್ಟು ಎತ್ತರಕ್ಕೆ ಎಷ್ಟು ನಿಮಿಷ ಎಂಬುದನ್ನು ಒಂದು ನಕ್ಷೆ, ಒಂದು ಕೋನಮಾಪಕ ಹಿಡಿದು ಶಾಲೆಯ ಮಕ್ಕಳೂ ಲೆಕ್ಕ ಮಾಡಬಲ್ಲರು. ಏರಿಯಾಚೆ ಮನೆ ಕಟ್ಟಲು ಅನುಮತಿ ಕೊಡುವವರು ಆ ಲೆಕ್ಕದ ಹಾಳೆಯನ್ನು ಕಡತದೊಳಗೆ ಸೇರಿಸಿಕೊಳ್ಳಲಿ, ರುಜು ಹಾಕುವ ಮುಂಚೆ ಒಂದು ಸಂಜೆ ತೆರೆದ ಮಂಟಪಕ್ಕೆ ಬಂದು ಪಶ್ಚಿಮಕ್ಕೆ ಮುಖ ಮಾಡಿ ಕೂರಲಿ.